ಮೇಸ್ತ್ರಿ ಅಂಗಡಿಗೂ ಐಟಿಐಗೂ ನಡುವಿನ ರಸ್ತೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಓಣಿಯಲ್ಲಿ ಒಂದೇ ಮಾತು. ಯಾರು ಪಿಯುಸಿ, ಯಾರು ಡಿಪ್ಲೊಮಾ, ಯಾರು ಐಟಿಐ. ಎದುರುಮನೆ ಹುಡುಗ ಒಂದು ಸಂಜೆ ಬಂದು ಮೊಬೈಲಿನಲ್ಲಿ ಟ್ರೇಡ್‌ಗಳ ಪಟ್ಟಿ ತೆಗೆದು ತೋರಿಸಿದ. "ಫಿಟ್ಟರ್ ತಗೊಳ್ಳಲೋ, ಎಲೆಕ್ಟ್ರಿಷಿಯನ್ ತಗೊಳ್ಳಲೋ? ಹತ್ತು ವರ್ಷ ಆದ್ಮೇಲೂ ನಡೀಬೇಕು, ಅಂಥದ್ದು ಹೇಳಣ್ಣ" ಅಂದ.

ಥಟ್ಟನೆ ಉತ್ತರ ಹೊಳೆಯಲಿಲ್ಲ. ಹತ್ತು ವರ್ಷದ ಮಾತು ಆಡಲು ಬಳ್ಳಾರಿಯವರಿಗೆ ಸ್ವಲ್ಪ ಭಯ ಇದ್ದೇ ಇದೆ. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಇಲ್ಲಿನ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ಅಷ್ಟು ಮಿತಿಮೀರಿತ್ತು, ನಿಲ್ಲಿಸಲೇಬೇಕಿತ್ತು. ಆದರೆ ಸಾಲ ಮಾಡಿ ಕೊಂಡ ಟಿಪ್ಪರುಗಳು ರಸ್ತೆ ಬದಿಯಲ್ಲಿ ನಿಂತುಬಿಟ್ಟವು. ಹಿಟಾಚಿ ಓಡಿಸುತ್ತಿದ್ದವರು, ಪಂಕ್ಚರ್ ಅಂಗಡಿಯವರು, ಲಾರಿ ಬಾಡಿ ಕಟ್ಟುವವರು ಎಲ್ಲರೂ ಕೈ ಕಟ್ಟಿ ಕೂತರು. ಅವರಿಗೆ ಕೆಲಸ ಚೆನ್ನಾಗಿ ಬರುತ್ತಿತ್ತು. ಆ ಕೆಲಸವೇ ಇರಲಿಲ್ಲ. ಆಮೇಲೆ ಹಂತಹಂತವಾಗಿ ಗಣಿಗಳು ತೆರೆದವು, ನಿಜ. ಆದರೆ ಕಲಿತದ್ದು ಒಂದೇ ಆದಾಗ, ಅದು ನಿಂತರೆ ಮನೆಯ ಒಲೆಯೂ ನಿಲ್ಲುತ್ತದೆ ಅನ್ನೋದನ್ನು ನಮ್ಮ ಜಿಲ್ಲೆ ಕಣ್ಣಾರೆ ನೋಡಿತು.

ಅದು ಒಂದೇ ದಿನದಲ್ಲಿ ಬಿದ್ದ ಪೆಟ್ಟು. ಸದ್ದಿಲ್ಲದೆ ಬರುವ ಬದಲಾವಣೆ ಬೇರೆ. ಅದನ್ನು ನೋಡಲು ನಾನು ಸಿರುಗುಪ್ಪ ರಸ್ತೆಯ ಒಂದು ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ ಕೂರುತ್ತೇನೆ.

ಅಲ್ಲಿನ ಮೇಸ್ತ್ರಿಗೆ ಐವತ್ತರ ಹತ್ತಿರ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಸುಟ್ಟ ಮೋಟಾರು ಬಂದರೆ ಮೊದಲು ಮೂಸಿ ನೋಡುತ್ತಾರೆ. ಬಿಚ್ಚಿದ ಮೇಲೆ ಎರಡು ಫೇಸಿನ ಕಾಯಿಲುಗಳು ಕಪ್ಪಾಗಿ, ಮೂರನೆಯದು ಚೊಕ್ಕ ಇದ್ದರೆ, "ಲೈನಲ್ಲಿ ಒಂದು ಫೇಸು ಹೋಗಿತ್ತು, ಗೌಡ್ರು ಹಂಗೇ ಓಡಿಸ್ಯಾರೆ" ಅಂತಾರೆ. ಹಳೆಯ ತಂತಿ ಕತ್ತರಿಸಿ ತೆಗೆಯುವಾಗ ಒಂದೊಂದು ಕಾಯಿಲಿಗೆ ಎಷ್ಟು ಸುತ್ತು ಅಂತ ಎಣಿಸುತ್ತಾರೆ. ತಂತಿಯ ಗೇಜು ನೋಡುತ್ತಾರೆ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ: ಯಾವ ಕಂಪನಿ, ಎಷ್ಟು ಎಚ್‌ಪಿ, ಎಷ್ಟು ಗಾಳೆ (ಕಾಯಿಲು ಕೂರುವ ಸಂದು), ಎಷ್ಟು ಸುತ್ತು, ಯಾವ ತಂತಿ. ಎಣ್ಣೆಯ ಬೆರಳಚ್ಚು ಬಿದ್ದ ಅಂಥ ನೋಟ್‌ಬುಕ್ಕು ನಾಲ್ಕಿವೆ. ಬೋರ್‌ವೆಲ್ಲಿಗೆ ಇಳಿಸುವ ಮೋಟಾರಿನ ಒಳಗೆ ನೀರೇ ತುಂಬಿರುತ್ತದಲ್ವಾ, ಅದಕ್ಕೆ ಪ್ಲಾಸ್ಟಿಕ್ ಹೊದಿಕೆಯ ತಂತಿ. ಮೇಲಿಡುವ ಮೋಟಾರಿಗೆ ಎನಾಮೆಲ್ ತಂತಿ, ಮೇಲೆ ವಾರ್ನಿಷ್. ಇದನ್ನೆಲ್ಲ ಅವರಿಗೆ ಯಾವ ಶಾಲೆಯೂ ಕಲಿಸಲಿಲ್ಲ. ಅವರ ಮೇಸ್ತ್ರಿ ಕಲಿಸಿದರು.

ಈ ಅಂಗಡಿಗೆ ಕೆಲವೇ ವರ್ಷಗಳಲ್ಲಿ ಎರಡು ಹೊಸ ವಸ್ತು ಬಂದವು. ಒಂದು, ಬಿಎಲ್‌ಡಿಸಿ ಫ್ಯಾನು, ಅಂದರೆ ಎಲೆಕ್ಟ್ರಾನಿಕ್ ಬೋರ್ಡು ನಡೆಸುವ ಹೊಸ ಬಗೆಯ ಮೋಟಾರಿನದು. ಹಳೆ ಸೀಲಿಂಗ್ ಫ್ಯಾನು 70-75 ವ್ಯಾಟ್ ತಿಂದರೆ ಇದು 30ರ ಆಸುಪಾಸು. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಗುರುತು ಕಡ್ಡಾಯವಾಯಿತು, ಇಂಥ ಫ್ಯಾನು ಕೊಳ್ಳುವವರೂ ಜಾಸ್ತಿಯಾದರು. ಇದು ಕೆಟ್ಟರೆ ಬಹಳ ಸಲ ಕೆಡೋದು ವೈಂಡಿಂಗ್ ಅಲ್ಲ, ಒಳಗಿನ ಪುಟ್ಟ ಸರ್ಕ್ಯೂಟ್ ಬೋರ್ಡು. ಎರಡನೆಯದು ಸೋಲಾರ್ ಪಂಪು. 2019ರಲ್ಲಿ ಕೇಂದ್ರದ ಕುಸುಮ್ ಯೋಜನೆ ಶುರುವಾದ ಮೇಲೆ ಹೊಲಗಳಿಗೆ ಬಂದದ್ದು. ಪ್ಯಾನೆಲ್ಲಿನಿಂದ ಬರೋದು ಡಿಸಿ ಕರೆಂಟು. ಮಧ್ಯದಲ್ಲಿ ಕಂಟ್ರೋಲರ್ ಅನ್ನೋ ಡಬ್ಬಿ ಅದನ್ನು ಎಸಿ ಮಾಡಿ, ಬಿಸಿಲು ಎಷ್ಟಿದೆ ನೋಡಿಕೊಂಡು ಮೋಟಾರಿನ ವೇಗ ಏರಿಸಿ ಇಳಿಸುತ್ತದೆ.

ಒಂದು ದಿನ ರೈತರೊಬ್ಬರು ಆ ಡಬ್ಬಿಯನ್ನೇ ಬಿಚ್ಚಿಕೊಂಡು ತಂದಿದ್ದರು. ಹಿಂದಿನ ದಿನ ಅದರ ಪರದೆಯಲ್ಲಿ ಕೆಂಪಗೆ ಒಂದು ಅಕ್ಷರ, ಎರಡು ಅಂಕಿ ಮಿಟುಕುತ್ತಿದ್ದವಂತೆ. ಫೋಟೊ ತೆಗೆದಿದ್ದರು. ಮೇಸ್ತ್ರಿ ಆ ಫೋಟೊವನ್ನು ವಾಟ್ಸಾಪಿನಲ್ಲಿ ನಾಲ್ಕು ಜನಕ್ಕೆ ಕಳಿಸಿ ಕಾದರು. ಅಂಗಡಿಯಲ್ಲಿ ಐಟಿಐ ಮುಗಿಸಿದ ಹುಡುಗನೂ ಇದ್ದ. ಅವನಿಗೆ ಓಮ್‌ನ ನಿಯಮ ಬಾಯಿಪಾಠ. ಆ ಎರಡು ಅಂಕಿ ಏನು ಅಂತ ಅವನಿಗೂ ಗೊತ್ತಿಲ್ಲ. ಮೇಸ್ತ್ರಿಗೆ ಅನುಭವ ಇತ್ತು, ಹುಡುಗನಿಗೆ ಸರ್ಟಿಫಿಕೇಟು ಇತ್ತು. ಹೊಸ ಕೆಲಸ ಮಾತ್ರ ಇಬ್ಬರ ನಡುವೆ ಟೇಬಲ್ಲಿನ ಮೇಲೆ ಹಾಗೇ ಕೂತಿತ್ತು.

ವೃತ್ತಿ ಶಿಕ್ಷಣದ ಕಷ್ಟವೆಲ್ಲ ನನಗೆ ಆ ಟೇಬಲ್ಲಿನ ಮೇಲೆ ಕಂಡಿತು. ಹೊಸ ಕೆಲಸ ಮೊದಲು ಬರೋದು ಅಂಗಡಿಗೆ, ಕಾರ್ಖಾನೆಗೆ. ಶಾಲೆಯ ಪಾಠಕ್ಕೆ ಬರೋದು ಎಷ್ಟೋ ವರ್ಷ ಕಳೆದ ಮೇಲೆ. ಈ ಎರಡರ ನಡುವಿನ ದೂರವನ್ನು ಕಮ್ಮಿ ಮಾಡೋದು ಹೇಗೆ? ಬೇರೆ ಬೇರೆ ದೇಶಗಳು ಗುದ್ದಾಡುತ್ತಿರೋದು ಇದೇ ಪ್ರಶ್ನೆಯ ಜೊತೆ.

ಎಲ್ಲರೂ ಮೊದಲು ಹೆಸರು ಹೇಳೋದು ಜರ್ಮನಿಯದು. ಅಲ್ಲಿ ಹದಿನಾರು ಹದಿನೇಳರ ಹುಡುಗ ಮೊದಲು ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಅದು ದೊಡ್ಡ ಕಾರ್ಖಾನೆಯೇ ಆಗಬೇಕಿಲ್ಲ, ಬೇಕರಿಯೂ ಆಗಬಹುದು, ಗ್ಯಾರೇಜೂ ಆಗಬಹುದು. ವಾರದಲ್ಲಿ ಮೂರು ನಾಲ್ಕು ದಿನ ಕೆಲಸದ ಜಾಗದಲ್ಲಿ, ಒಂದೆರಡು ದಿನ ಶಾಲೆಯಲ್ಲಿ. ಹೀಗೆ ಎರಡರಿಂದ ಮೂರೂವರೆ ವರ್ಷ. ಕಲಿಯುವಾಗಲೂ ಕಂಪನಿ ತಿಂಗಳಿಗೆ ಭತ್ಯೆ ಕೊಡಬೇಕು. ಕೊನೆಗೆ ಪರೀಕ್ಷೆ ಮಾಡೋದು ಕಂಪನಿಯೊಂದೇ ಅಲ್ಲ, ಮಾಲೀಕರು, ಕಾರ್ಮಿಕರು, ಶಿಕ್ಷಕರು ಕೂಡಿದ ಸಮಿತಿ. ಇದಕ್ಕೆಲ್ಲ 1969ರ ಒಂದು ಕಾನೂನು ಇದೆ. ಇದನ್ನು ಜೋಡಿ ಪದ್ಧತಿ ಅನ್ನಬಹುದು. ಒಂದು ಕಾಲು ಅಂಗಡಿಯಲ್ಲಿ, ಇನ್ನೊಂದು ಶಾಲೆಯಲ್ಲಿ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸೋದು ಪಾಠಪಟ್ಟಿ ಬರೆಯುವ ಬಗೆ. ಅಲ್ಲಿ ಸುಮಾರು 330 ಕಸುಬುಗಳಿಗೆ ಸರ್ಕಾರದ ಮಾನ್ಯತೆ ಇದೆ. ಒಂದೊಂದು ಕಸುಬಿನಲ್ಲಿ ಏನು ಕಲಿಸಬೇಕು ಅನ್ನೋದನ್ನು ಮಾಲೀಕರ ಸಂಘ, ಕಾರ್ಮಿಕ ಸಂಘ, ಸರ್ಕಾರ ಮೂವರೂ ಒಂದೇ ಮೇಜಿಗೆ ಕೂತು ತೀರ್ಮಾನಿಸುತ್ತಾರೆ. ಮಾಲೀಕರು ಮಾತ್ರ ಬರೆದರೆ ತಮ್ಮ ಯಂತ್ರಕ್ಕೆ ಬೇಕಾದಷ್ಟೇ ಕಲಿಸಿಬಿಡುತ್ತಾರೆ, ಆ ಕಂಪನಿ ಮುಚ್ಚಿದರೆ ಹುಡುಗ ಬೀದಿಗೆ. ಕಾರ್ಮಿಕ ಸಂಘ ಪಕ್ಕದಲ್ಲಿ ಕೂತು, "ಈ ಹುಡುಗ ನಾಳೆ ಬೇರೆ ಕಡೆ ಹೋದರೂ ಬದುಕುವಷ್ಟು ಕಲಿಸಿ" ಅಂತ ಒತ್ತಾಯಿಸುತ್ತದೆ.

ಕಾರು ರಿಪೇರಿಯನ್ನೇ ನೋಡಿ. ಮೊದಲು ಅಲ್ಲಿ ಮೆಕ್ಯಾನಿಕ್ ಬೇರೆ, ಆಟೊ ಎಲೆಕ್ಟ್ರಿಷಿಯನ್ ಬೇರೆ. ನಮ್ಮಲ್ಲಿ ಈಗಲೂ ಹಾಗೇ ಅಲ್ವಾ, ಎಂಜಿನ್ನಿಗೆ ಒಂದು ಅಂಗಡಿ, ವೈರಿಂಗಿಗೆ ಇನ್ನೊಂದು. ಕಾರಿನೊಳಗೆ ಕಂಪ್ಯೂಟರ್ ಜಾಸ್ತಿಯಾದಂತೆ ಈ ಗೆರೆ ಅಳಿಸಿಹೋಯಿತು. 2003ರಲ್ಲಿ ಜರ್ಮನಿ ಎರಡನ್ನೂ ಸೇರಿಸಿ ಒಂದೇ ಕಸುಬು ಮಾಡಿತು. 2013ರಲ್ಲಿ ಅದರೊಳಗೆ ಹೈ ವೋಲ್ಟೇಜ್ ವಿಭಾಗ ಬಂತು, ಅಂದರೆ ಬ್ಯಾಟರಿ ಕಾರಿನ ಕೆಲಸ. ರಸ್ತೆಯಲ್ಲಿ ಬ್ಯಾಟರಿ ಕಾರುಗಳು ಇನ್ನೂ ಬೆರಳೆಣಿಕೆಯಷ್ಟಿದ್ದಾಗಲೇ ಪಾಠ ತಯಾರಾಯಿತು. ಯಾಕೆ? ಮೇಜಿನ ಸುತ್ತ ಕೂತವರಲ್ಲಿ ಆ ಕಾರು ಮಾಡುವವರೇ ಇದ್ದರು.

ಚಿಮಣಿ ಗುಡಿಸುವವರ ಕಥೆಯೂ ಚೆನ್ನಾಗಿದೆ. ಮನೆಗಳಲ್ಲಿ ಸೌದೆ, ಕಲ್ಲಿದ್ದಲು ಉರಿಸುತ್ತಿದ್ದ ಕಾಲದ ಕಸುಬು ಅದು. ಒಲೆ ಕಮ್ಮಿಯಾದ ಮೇಲೆ ಈ ಕಸುಬು ಸಾಯಬೇಕಿತ್ತು. ಸಾಯಲಿಲ್ಲ. ಮನೆಮನೆಗೆ ಹೋಗುವ ರೂಢಿ ಅವರಿಗೆ ಮೊದಲೇ ಇತ್ತು. ಹೊಗೆಯ ಅಳತೆ, ಬಾಯ್ಲರಿನ ಸುರಕ್ಷತೆ, ಮನೆಯ ಬಿಸಿ ಎಲ್ಲಿ ಸೋರುತ್ತಿದೆ, ಇಂಧನ ಹೇಗೆ ಉಳಿಸಬೇಕು ಅನ್ನೋ ಸಲಹೆ, ಎಲ್ಲವೂ ಅವರ ತರಬೇತಿಯೊಳಗೆ ಬಂದವು. ಕಸುಬಿನ ಹೆಸರು ಉಳಿಯಿತು, ಒಳಗಿನ ಕೆಲಸ ಬದಲಾಯಿತು. ನಮ್ಮ ವೈಂಡಿಂಗ್ ಮೇಸ್ತ್ರಿಗೂ ಇಂಥದ್ದೇ ದಾರಿ ಬೇಕು ಅನ್ನೋದು ನನ್ನ ಆಸೆ.

ಮರ್ಯಾದೆಯ ಮಾತೂ ಇದೆ. ಜರ್ಮನಿಯಲ್ಲಿ ಕಸುಬು ಕಲಿತು, ಕೆಲಸ ಮಾಡಿ, ಮೇಲಿನ ಪರೀಕ್ಷೆ ಪಾಸಾದವರಿಗೆ ಮೈಸ್ಟರ್ ಅನ್ನೋ ಪದವಿ ಸಿಗುತ್ತದೆ. ಅವರ ಅರ್ಹತೆಯ ಮೆಟ್ಟಿಲುಪಟ್ಟಿಯಲ್ಲಿ ಮೈಸ್ಟರ್ ಕೂರೋದು ಆರನೇ ಮೆಟ್ಟಿಲಿನಲ್ಲಿ, ಬ್ಯಾಚುಲರ್ ಡಿಗ್ರಿಯ ಪಕ್ಕದಲ್ಲೇ. ನಮ್ಮ ಮೇಸ್ತ್ರಿ ಕೂರೋದು ಅಂಗಡಿಯ ಮುಂದಿನ ಮರದ ಸ್ಟೂಲಿನ ಮೇಲೆ. ಕೈಗೆ ಕೆಲಸ ಬರುವ ಮನುಷ್ಯನನ್ನು ನಾವು ಇಷ್ಟು ಕೆಳಗೆ ಕೂರಿಸಿದ್ದು ನನಗೆ ನಿಜವಾಗಿ ನೋವಿನ ಸಂಗತಿ.

ಹಾಗಂತ ಜರ್ಮನಿಯನ್ನು ಎತ್ತಿ ತಂದು ಇಲ್ಲಿ ನೆಡಲು ಆಗಲ್ಲ. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಹತ್ತು ವರ್ಷದ ಹೊತ್ತಿಗೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗೆ ಕಳಿಸುತ್ತಾರೆ. ಬಡವರ, ವಲಸಿಗರ ಮಕ್ಕಳು ಕೆಳಗಿನ ಶಾಲೆಗೇ ಜಾಸ್ತಿ ಹೋಗುತ್ತಾರೆ ಅನ್ನೋ ದೂರು ಅಲ್ಲೂ ಇದೆ. ಕಮ್ಮಾರನ ಮಗ ಕಮ್ಮಾರ, ಕುಂಬಾರನ ಮಗ ಕುಂಬಾರ ಅಂತ ಶತಮಾನಗಟ್ಟಲೆ ಕಟ್ಟಿಹಾಕಿದ ಊರು ನಮ್ಮದು. ಹತ್ತು ವರ್ಷದ ಮಗುವಿಗೆ "ನೀನು ಕೈಕೆಲಸಕ್ಕೆ" ಅಂತ ಹಣೆಪಟ್ಟಿ ಅಂಟಿಸುವ ಯಾವ ಪದ್ಧತಿಯೂ ನಮಗೆ ಬೇಡ.

ಈ ವಿಷಯದಲ್ಲಿ ನನಗೆ ಸ್ವಿಟ್ಜರ್ಲೆಂಡ್ ಹೆಚ್ಚು ಹಿಡಿಸುತ್ತದೆ. ಅಲ್ಲಿ ಮೂವರಲ್ಲಿ ಇಬ್ಬರು ಮಕ್ಕಳು ವೃತ್ತಿ ಶಿಕ್ಷಣವನ್ನೇ ಹಿಡಿಯುತ್ತಾರೆ. ಬ್ಯಾಂಕಿನ ಕೆಲಸ, ಕಂಪ್ಯೂಟರ್ ಕೆಲಸ, ಆಸ್ಪತ್ರೆಯ ಕೆಲಸವನ್ನೂ ಹೀಗೇ ಕಲಿಯುತ್ತಾರೆ. ಈ ದಾರಿ ಹಿಡಿದವರಿಗೆ ಮೇಲಿನ ಬಾಗಿಲು ಮುಚ್ಚಿಲ್ಲ. ಕಸುಬಿನ ಜೊತೆಗೇ, ಇಲ್ಲವೇ ಮುಗಿದ ಮೇಲೆ, ಒಂದು ಹೆಚ್ಚಿನ ಪರೀಕ್ಷೆ ಪಾಸಾದರೆ ಕಸುಬಿನ ವಿಶ್ವವಿದ್ಯಾಲಯಕ್ಕೆ ಸೀದಾ ಹೋಗಬಹುದು. 1990ರ ದಶಕದಲ್ಲಿ ಮಾಡಿದ ಏರ್ಪಾಡು ಇದು. ಮುಂದೆ ದಾರಿ ಇದೆ ಅಂತ ಗೊತ್ತಿದ್ದರೆ ಅಪ್ಪ ಅಮ್ಮಂದಿರೂ ಮಗನನ್ನು ಬಡಗಿ ಕೆಲಸಕ್ಕೆ ಕಳಿಸಲು ಹೆದರುವುದಿಲ್ಲ.

ಇಂಥ ಏಣಿ ನಮ್ಮಲ್ಲೂ ಇದೆ, ಹೇಳುವವರು ಕಮ್ಮಿ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಎದುರುಮನೆ ಹುಡುಗನಿಗೆ ಇದನ್ನು ಹೇಳಿದಾಗ ಅವನ ಅಮ್ಮ ಬಾಗಿಲಲ್ಲೇ ನಿಂತು ಎರಡು ಸಲ ಕೇಳಿದರು, "ಐಟಿಐ ಮಾಡಿದ್ರೂ ಎಂಜಿನಿಯರ್ ಆಗಬೌದೇನಪ್ಪ?" ಆಗಬಹುದು ಅಮ್ಮ. ನಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಧಿಯೂ ಇದೆ. 2013ರಿಂದ ಜಾರಿಯಲ್ಲಿರುವ ಈ ವಿಧಿಯಲ್ಲಿ ಶಿಕ್ಷಣ ಸಂಸ್ಥೆಗಳ ಜೊತೆ ವೃತ್ತಿ ತರಬೇತಿ ಸಂಸ್ಥೆಗಳ ಹೆಸರನ್ನೂ ಹೇಳಿ ಸೀಟು ಮೀಸಲಿಗೆ ಅವಕಾಶ ಕೊಟ್ಟಿದ್ದಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಮಕ್ಕಳು ಅರ್ಜಿ ಹಾಕುವಾಗ 371ಜೆ ಪ್ರಮಾಣಪತ್ರ ಮಾಡಿಸಿ ಇಟ್ಟುಕೊಳ್ಳಬೇಕು.

ಇಷ್ಟು ಹೊತ್ತು ಹೇಳಿದ್ದು ಹದಿನಾರರ ಹುಡುಗನ ಮಾತು. ಐವತ್ತರ ಮೇಸ್ತ್ರಿಯ ಗತಿ ಏನು? ಕೆಲಸ ಬದಲಾದರೆ ಜಾಸ್ತಿ ಪೆಟ್ಟು ಬೀಳೋದು ಅವರಿಗೇ. ಮೊದಲೆಲ್ಲ ಒಂದು ಸಲ ಕಲಿತದ್ದು ಜೀವನಪೂರ್ತಿ ಸಾಕಾಗುತ್ತಿತ್ತು, ಈಗ ಸಾಲುತ್ತಿಲ್ಲ.

ಸಿಂಗಪುರ ಇದಕ್ಕೆ ಒಂದು ದಾರಿ ಹುಡುಕಿತು. 2015ರಲ್ಲಿ ಸ್ಕಿಲ್ಸ್‌ಫ್ಯೂಚರ್ ಅನ್ನೋ ಕಾರ್ಯಕ್ರಮ ಶುರು ಮಾಡಿ, 25 ದಾಟಿದ ಪ್ರತಿ ಪ್ರಜೆಯ ಖಾತೆಗೆ ಕಲಿಕೆಗೆಂದೇ 500 ಸಿಂಗಪುರ ಡಾಲರ್ ಹಾಕಿತು. ಆ ಹಣದಿಂದ ಒಪ್ಪಿಗೆ ಪಡೆದ ಕೋರ್ಸುಗಳಲ್ಲಿ ಯಾವುದಕ್ಕಾದರೂ ಸೇರಬಹುದು. 2024ರಲ್ಲಿ, 40 ದಾಟಿದವರಿಗೆ ಇನ್ನೂ 4,000 ಡಾಲರ್ ಸೇರಿಸಿತು. ನಲವತ್ತು ಅನ್ನೋ ಗೆರೆ ಎಳೆದದ್ದು ನೋಡಿ. ಮನೆ ಸಾಲ, ಮಕ್ಕಳ ಓದು ಎಲ್ಲ ಹೆಗಲ ಮೇಲಿರುವ ವಯಸ್ಸು ಅದು. ಅದೇ ಊರು 1992ರಲ್ಲಿ ತನ್ನ ವೃತ್ತಿ ಶಾಲೆಗಳನ್ನು ಐಟಿಇ ಅನ್ನೋ ಒಂದೇ ಸಂಸ್ಥೆಯಡಿ ತಂದಾಗ, ಫೇಲಾದವರು ಹೋಗುವ ಜಾಗ ಅಂತ ಜನ ಮೂಗು ಮುರಿಯುತ್ತಿದ್ದರು. ಸರ್ಕಾರ ಅಲ್ಲಿ ಒಳ್ಳೆ ಕಟ್ಟಡ, ಕಾರ್ಖಾನೆಯಲ್ಲಿ ಇರುವಂಥದ್ದೇ ಯಂತ್ರ ಕೊಟ್ಟಿತು. ಆ ಅಭಿಪ್ರಾಯ ಬದಲಾಗಲು ಹತ್ತಾರು ವರ್ಷ ಹಿಡಿಯಿತು.

ಫಿನ್ಲೆಂಡ್ 2018ರಲ್ಲಿ ಇನ್ನೊಂದು ಕೆಲಸ ಮಾಡಿತು. ಎಲ್ಲರಿಗೂ ಒಂದೇ ಪಾಠ, ಒಂದೇ ಅವಧಿ ಅನ್ನೋದನ್ನು ಬಿಟ್ಟಿತು. ವೃತ್ತಿ ಶಾಲೆಗೆ ಸೇರುವವರ ಜೊತೆ ಶಿಕ್ಷಕರು ಮೊದಲು ಕೂತು, ನಿನಗೆ ಈಗಾಗಲೇ ಏನು ಬರುತ್ತದೆ ಅಂತ ಕೇಳಿ ಬರೆದುಕೊಳ್ಳುತ್ತಾರೆ. ಬರುವುದನ್ನು ಮತ್ತೆ ಕಲಿಸುವುದಿಲ್ಲ. ಉಳಿದದ್ದಕ್ಕೆ ಮಾತ್ರ ಯೋಜನೆ. ಸೇರಲು ಜೂನ್ ತಿಂಗಳಿಗೆ ಕಾಯಬೇಕಿಲ್ಲ, ವರ್ಷದಲ್ಲಿ ಯಾವಾಗ ಬೇಕಾದರೂ ಸೇರಬಹುದು. ನಮ್ಮ ಮೇಸ್ತ್ರಿ ಅಲ್ಲಿಗೆ ಹೋದರೆ ಮೋಟಾರಿನ ಪಾಠವೆಲ್ಲ ದಾಟಿ ಸೀದಾ ಕಂಟ್ರೋಲರಿನ ಪಾಠಕ್ಕೆ ಕೂರುತ್ತಿದ್ದರು!

ನಮ್ಮ ಸರ್ಕಾರವೂ ಮೊದಲೇ ಕಲಿತ ಕೌಶಲಕ್ಕೆ ಸರ್ಟಿಫಿಕೇಟು ಕೊಡುವ ಏರ್ಪಾಡು ಮಾಡಿದೆ. ಅದನ್ನು ಆರ್‌ಪಿಎಲ್ ಅನ್ನುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯೂ ಇದೆ. ತರಬೇತಿ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ, ಕಮ್ಮಿ ಬಡ್ಡಿಯ ಸಾಲ. ದಿನಗೂಲಿ ಬಿಟ್ಟು ಕಲಿಯಲು ಬರುವವರಿಗೆ ಹಣ ಕೊಡಬೇಕು ಅಂತ ಒಪ್ಪಿದ್ದು ದೊಡ್ಡ ಮಾತು. ಆದರೆ ಅದರಲ್ಲಿರುವ 18 ಕಸುಬು ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಗೊಂಬೆ ಮಾಡುವವರು, ಹೀಗೆ. ಕೊಪ್ಪಳದ ಕಿನ್ನಾಳ ಗೊಂಬೆಯವರಿಗೆ ಜಾಗ ಇದೆ, ಸಂತೋಷ. ಮೋಟಾರ್ ವೈಂಡಿಂಗ್ ಮಾಡುವವರಿಗೆ ಇಲ್ಲ. ಕಸುಬು ಅಂದರೆ ಅಜ್ಜನ ಕಾಲದಿಂದ ಬಂದದ್ದು ಮಾತ್ರ ಅಂತ ಯಾಕೆ ಅಂದುಕೊಳ್ಳಬೇಕು? ಎಪ್ಪತ್ತರ ದಶಕದ ಪಂಪ್‌ಸೆಟ್ಟಿನ ಜೊತೆ ಹುಟ್ಟಿದ ಕಸುಬೂ ಕಸುಬೇ.

ದರ್ಜಿ ಅಂದ ಕೂಡಲೇ ಬಳ್ಳಾರಿಯ ಜೀನ್ಸ್ ನೆನಪಾಗುತ್ತದೆ. ಇಲ್ಲಿ ಹೊಲಿದ ಪ್ಯಾಂಟು ದೇಶದ ಎಷ್ಟೋ ಊರಿನ ಅಂಗಡಿಗೆ ಹೋಗುತ್ತದೆ. ಒಬ್ಬರು ಜೇಬು ಹೊಲಿದರೆ, ಒಬ್ಬರು ಜಿಪ್, ಒಬ್ಬರು ಕಾಜಾ, ಒಬ್ಬರು ಬರೀ ದಾರ ಕತ್ತರಿಸೋದು. ಲೆಕ್ಕವೆಲ್ಲ ಪೀಸ್ ರೇಟು. ಹತ್ತು ವರ್ಷದಿಂದ ಜೇಬನ್ನೇ ಹೊಲಿಯುತ್ತಿರುವ ಅಕ್ಕನನ್ನು ನಾನು ಬಲ್ಲೆ. ಅವರ ಕೈಯ ವೇಗ ನೋಡಿದರೆ ಕಣ್ಣು ಕಟ್ಟಿದಂತಾಗುತ್ತದೆ. ಪೂರ್ತಿ ಪ್ಯಾಂಟು ಹೊಲಿಯಲು ಮಾತ್ರ ಅವರಿಗೆ ಬರುವುದಿಲ್ಲ, ಯಾಕೆಂದರೆ ಯಾರೂ ಕೂರಿಸಿ ಕಲಿಸಲಿಲ್ಲ.

ಈ ಉದ್ಯಮವೂ ಬದಲಾಗುತ್ತಿದೆ. ಹೊಸ ಪ್ಯಾಂಟಿಗೆ ಹಳೆಯದರ ಮಾಸಲು ನೋಟ ಕೊಡಲು ಕೆಲವು ದೇಶಗಳಲ್ಲಿ ಮರಳು ಚಿಮ್ಮಿಸಿ ಉಜ್ಜುತ್ತಿದ್ದರು. ಆ ಧೂಳು ಕುಡಿದು ಟರ್ಕಿಯ ಕಾರ್ಮಿಕರ ಪುಪ್ಪುಸ ಹಾಳಾಗಿ, ಎಷ್ಟೋ ಜನ ಸಿಲಿಕೋಸಿಸ್‌ನಿಂದ ಸತ್ತರು. 2009ರಲ್ಲಿ ಟರ್ಕಿ ಅದನ್ನು ನಿಷೇಧಿಸಿತು. ಈಗ ದೊಡ್ಡ ಕಾರ್ಖಾನೆಗಳಲ್ಲಿ ಲೇಸರ್ ಆ ಕೆಲಸ ಮಾಡುತ್ತದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದರೆ ಸಾಕು, ಬಟ್ಟೆಯ ಮೇಲ್ಪದರವನ್ನು ಬೆಳಕು ಸುಡುತ್ತದೆ. ನೀರು ಕಮ್ಮಿ, ರಾಸಾಯನಿಕ ಕಮ್ಮಿ, ಧೂಳಿಲ್ಲ. ವಾಶಿಂಗ್ ಘಟಕಗಳ ಬಣ್ಣದ ನೀರಿನಿಂದ ಬೇಸತ್ತ ನಮ್ಮ ಊರಿಗೂ ಇದು ಒಳ್ಳೆಯದೇ. ಆದರೆ ಬ್ರಷ್ ಹಿಡಿದು ಉಜ್ಜುತ್ತಿದ್ದ ಕೈಗೆ ಆ ಕಂಪ್ಯೂಟರ್ ಕಲಿಸುವವರು ಯಾರು? ಸಣ್ಣ ಶೆಡ್ಡಿನ ಮಾಲೀಕರ ಕೈಲಿ ಒಬ್ಬರೇ ಆಗಲ್ಲ. ಹತ್ತು ಶೆಡ್ಡಿನವರು ಸೇರಿ ಒಂದು ತರಬೇತಿ ಕೇಂದ್ರ ನಡೆಸಬಹುದು. ಸ್ವಿಟ್ಜರ್ಲೆಂಡಿನಲ್ಲಿ ಇದೇ ಮಾಡುತ್ತಾರೆ. ಕಂಪನಿ ಮತ್ತು ಶಾಲೆಯ ಜೊತೆಗೆ, ಆ ಕಸುಬಿನ ಎಲ್ಲ ಕಂಪನಿಗಳು ಸೇರಿ ನಡೆಸುವ ಮೂರನೇ ಕಲಿಕೆಯ ಜಾಗ ಅಲ್ಲಿದೆ.

ಹೆಂಗಸರಿಗೆ ಇನ್ನೊಂದು ತೊಡಕು. ತರಬೇತಿ ಕೇಂದ್ರ ಇಪ್ಪತ್ತು ಕಿಲೋಮೀಟರ್ ದೂರ ಇದ್ದು, ಸಂಜೆ ಆರಕ್ಕೆ ಬಸ್ ಇಲ್ಲದಿದ್ದರೆ ಮನೆಯವರು ಕಳಿಸುವುದಿಲ್ಲ. ದೂರದ ತೊಡಕಿಗೆ ಬ್ರೆಜಿಲ್ ದೇಶದಲ್ಲಿ ಶಾಲೆಯನ್ನೇ ದೋಣಿಗೆ ಹತ್ತಿಸಿದರು. ಅಮೆಜಾನ್ ನದಿಯಲ್ಲಿ ಸೆನಾಯ್ ಅನ್ನೋ ಸಂಸ್ಥೆಯ ಸಮಾವುಮ ಎಂಬ ದೋಣಿ ಊರಿಂದ ಊರಿಗೆ ಹೋಗಿ ಲಂಗರು ಹಾಕಿ ಕಸುಬು ಕಲಿಸಿ ಮುಂದಿನ ಊರಿಗೆ ಹೋಗುತ್ತದೆ. ನಮ್ಮಲ್ಲಿ ಒಂದು ಬಸ್ಸು ಸಾಕು.

ಆ ಸೆನಾಯ್ ಸಂಸ್ಥೆಗೆ ಹಣ ಎಲ್ಲಿಂದ? 1942ರಲ್ಲಿ ಅದು ಹುಟ್ಟಿದಾಗಿನಿಂದ ಉದ್ದಿಮೆಗಳೇ ಕೊಡುತ್ತಿವೆ, ಈಗ ಸಂಬಳದ ಮೊತ್ತದ ಶೇಕಡಾ 1ರ ಲೆಕ್ಕದಲ್ಲಿ. ಕುಶಲ ಕೆಲಸಗಾರರು ಬೇಕಾದವರೇ ಅವರನ್ನು ಬೆಳೆಸುವ ಖರ್ಚಿಗೂ ಹೆಗಲು ಕೊಡಲಿ ಅನ್ನೋ ಲೆಕ್ಕ. ಇಂಗ್ಲೆಂಡಿನಲ್ಲೂ 2017ರಿಂದ ದೊಡ್ಡ ಕಂಪನಿಗಳು ಸಂಬಳದ ಮೊತ್ತದ ಶೇಕಡಾ 0.5ರಷ್ಟು ಕಟ್ಟಬೇಕು. ಅಲ್ಲಿ ಅದು ಅಂದುಕೊಂಡ ಹಾಗೆ ಆಗಲಿಲ್ಲ. ಹೊಸದಾಗಿ ಕಲಿಯಲು ಸೇರುವವರ ಸಂಖ್ಯೆ ಇಳಿಯಿತು. ಹಣದ ಒಂದು ಪಾಲು ಈಗಾಗಲೇ ಕೆಲಸದಲ್ಲಿದ್ದ ದೊಡ್ಡವರ, ಮ್ಯಾನೇಜರುಗಳ ತರಬೇತಿಗೆ ಹೋಯಿತು. ಹಣ ಕೂಡಿಸುವಷ್ಟೇ ಮುಖ್ಯ, ಅದು ಹದಿನೆಂಟರ ಹುಡುಗನ ಕೈಗೆ ಮುಟ್ಟಬೇಕು ಅಂತ ಮೊದಲೇ ಬರೆದಿಡೋದು.

ಇದು ನಮಗೆ ದೂರದ ಮಾತಲ್ಲ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಳ್ಳಾರಿಯಲ್ಲೂ ಇದೆ. ಗಣಿ ಗುತ್ತಿಗೆದಾರರು ರಾಯಧನದ ಶೇಕಡಾ 30ರಷ್ಟನ್ನು, ಹರಾಜಿನಲ್ಲಿ ಪಡೆದ ಗಣಿಯಾದರೆ ಶೇಕಡಾ 10ರಷ್ಟನ್ನು ಅದಕ್ಕೆ ಕೊಡಬೇಕು. ಕುಡಿಯುವ ನೀರು, ಆರೋಗ್ಯ, ಶಿಕ್ಷಣದ ಜೊತೆ ಕೌಶಲ ತರಬೇತಿಯೂ ಅದರ ಮೊದಲ ಆದ್ಯತೆಯ ಪಟ್ಟಿಯಲ್ಲಿದೆ. ಸಂಡೂರಿನ ಗುಡ್ಡದ ಅದಿರು ಒಂದು ದಿನ ಮುಗಿಯುತ್ತದೆ. ಮುಗಿಯುವ ಮೊದಲು ಆ ಹಣ ನಮ್ಮ ಮಕ್ಕಳ ಕೈಯ ಕೆಲಸವಾಗಬೇಕು. ಕಟ್ಟಡಕ್ಕಿಂತ ಮೊದಲು ಕಲಿಸುವವರಿಗೆ ಖರ್ಚು ಮಾಡಲಿ ಅನ್ನೋದು ನನ್ನ ಬೇಡಿಕೆ. ಕಂಟ್ರೋಲರ್ ಬಿಚ್ಚಿ ನೋಡದ ಶಿಕ್ಷಕರು ಅದನ್ನು ಬೋರ್ಡಿನ ಮೇಲೆ ಬರೆದೇ ಕಲಿಸಬೇಕಾಗುತ್ತದೆ. ಅವರನ್ನೂ ಎರಡು ವರ್ಷಕ್ಕೊಮ್ಮೆ ತಿಂಗಳುಗಟ್ಟಲೆ ಕಾರ್ಖಾನೆಗೆ ಕಳಿಸಬೇಕು.

ದಕ್ಷಿಣ ಕೊರಿಯಾದ ಕಷ್ಟ ಬೇರೆ ಬಗೆಯದು. ಅಲ್ಲಿ ಹೈಸ್ಕೂಲು ಮುಗಿಸಿದ ಹತ್ತರಲ್ಲಿ ಏಳು ಮಂದಿ ಕಾಲೇಜಿಗೆ ಹೋಗುತ್ತಾರೆ. ಡಿಗ್ರಿ ಇದ್ದು ಕೆಲಸ ಇಲ್ಲ, ಇತ್ತ ಕಾರ್ಖಾನೆಗೆ ಕೈ ಇಲ್ಲ. 2010ರಲ್ಲಿ ಮೈಸ್ಟರ್ ಹೈಸ್ಕೂಲುಗಳನ್ನು ತೆರೆದರು. ಮೊದಲು ಕೆಲಸ, ಬೇಕಾದರೆ ಆಮೇಲೆ ಕಾಲೇಜು ಅನ್ನೋದು ಅವುಗಳ ಕ್ರಮ. ಚೀನಾ 2022ರಲ್ಲಿ ತಿದ್ದಿದ ಕಾನೂನಿನಲ್ಲೇ ವೃತ್ತಿ ಶಿಕ್ಷಣಕ್ಕೂ ಸಾಮಾನ್ಯ ಶಿಕ್ಷಣಕ್ಕೂ ಸಮಾನ ಮಹತ್ವ ಅಂತ ಬರೆಯಿತು. ಕಾನೂನು ಬರೆದ ಮಾತ್ರಕ್ಕೆ ಹೆಣ್ಣು ಕೊಡುವವರ ಮನಸ್ಸು ಬದಲಾಗಲ್ಲ, ಅದು ನಮಗೂ ಗೊತ್ತು.

ನಮ್ಮ ಐಟಿಐಗಳ ಯೋಜನೆ ಶುರುವಾದದ್ದು 1950ರಲ್ಲಿ, ಅಪ್ರೆಂಟಿಸ್ ಕಾಯ್ದೆ 1961ರದು. ಅಂದರೆ ಜೋಡಿ ಪದ್ಧತಿಯ ಬೀಜ ಕಾಗದದ ಮೇಲೆ ಜರ್ಮನಿಯ ಕಾನೂನಿಗಿಂತ ಮೊದಲೇ ನಮ್ಮಲ್ಲಿತ್ತು. ಬೆಳೆಯಲಿಲ್ಲ. ಈಗ ಮತ್ತೆ ನೀರು ಹಾಕುತ್ತಿದ್ದಾರೆ. 2016ರಲ್ಲಿ ಬಂದ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಭತ್ಯೆಯ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರವೇ ಕೊಡಲು ಒಪ್ಪಿತು. 2019ರ ನಿಯಮದ ಪ್ರಕಾರ 30 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕರ್ನಾಟಕದಲ್ಲಿ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರೋಬೋಟು, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕತ್ತರಿಸುವ ಯಂತ್ರ), ಎಲೆಕ್ಟ್ರಿಕ್ ವಾಹನದ ಯಂತ್ರಗಳನ್ನು ತಂದರು. ಹೊಸಪೇಟೆ, ಲಿಂಗಸುಗೂರಿನಲ್ಲಿ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರಗಳು ಇವೆ. 1972ರಲ್ಲಿ ಡೆನ್ಮಾರ್ಕಿನ ಸಹಕಾರದಿಂದ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ಮಕ್ಕಳು ಕಲಿಯುತ್ತಲೇ ನಿಜವಾದ ಅಚ್ಚು, ಡೈ ಮಾಡುತ್ತಾರೆ.

ಆದರೆ 30 ಜನರ ಲೆಕ್ಕಕ್ಕೆ ನಮ್ಮ ಮೇಸ್ತ್ರಿಯ ಅಂಗಡಿ ಬರುವುದಿಲ್ಲ. ಅಲ್ಲಿರುವುದು ಮೂವರು. ಬಳ್ಳಾರಿಯಲ್ಲಿ ಜಾಸ್ತಿ ಮಂದಿ ಕೆಲಸ ಕಲಿಯೋದು ಇಂಥ ಕಡೆಯೇ: ಗ್ಯಾರೇಜು, ವೆಲ್ಡಿಂಗ್ ಶಾಪು, ಜೀನ್ಸ್ ಶೆಡ್ಡು. ಇವುಗಳಿಗೂ ಐಟಿಐಗೂ ನಡುವೆ ರಸ್ತೆಯಷ್ಟೇ ದೂರ, ಆದರೂ ಈ ಕಡೆಯ ಪಾಠ ಆ ಕಡೆಗೆ ದಾಟುವುದಿಲ್ಲ. ನಾಲ್ಕು ನೋಟ್‌ಬುಕ್ಕು ತುಂಬಾ ಬರೆದಿಟ್ಟ ಮನುಷ್ಯನನ್ನು ವಾರಕ್ಕೊಂದು ಮಧ್ಯಾಹ್ನ ಐಟಿಐಗೆ ಕರೆಸಿ, ಗೌರವಧನ ಕೊಟ್ಟು, "ಮಕ್ಕಳಿಗೆ ತೋರಿಸಿ" ಅಂದರೆ ಎಷ್ಟು ಚೆನ್ನ. ಅದೇ ದಿನ ಐಟಿಐ ಶಿಕ್ಷಕರು ಅವರಿಗೆ ಕಂಟ್ರೋಲರಿನ ಒಳಗನ್ನು ಬಿಡಿಸಿ ಹೇಳಬಹುದು.

ಎದುರುಮನೆ ಹುಡುಗನಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು. ಎಲೆಕ್ಟ್ರಿಷಿಯನ್ ತಗೋ. ಯಾಕೆಂದರೆ ಸೋಲಾರ್ ಇರಲಿ, ಗಾಡಿ ಇರಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇರಲಿ, ಎಲ್ಲದರ ಬುಡದಲ್ಲಿ ಕರೆಂಟಿದೆ. ಒಂದು ಯಂತ್ರ ಹೋದರೆ ಇನ್ನೊಂದಕ್ಕೆ ದಾಟಬಹುದು. ಇಂಗ್ಲಿಷ್ ಮ್ಯಾನ್ಯುಯಲ್ ಓದೋದು ರೂಢಿ ಮಾಡ್ಕೋ, ಪರದೆಯಲ್ಲಿ ಮಿಟುಕುವ ಎರರ್ ಕೋಡಿನ ಅರ್ಥ ಅದರಲ್ಲೇ ಇರುತ್ತದೆ. ಕ್ಲಾಸು ಮುಗಿದ ಮೇಲೆ ಸುಮ್ನೆ ಮನೆಗೆ ಬರಬೇಡ, ಸಿರುಗುಪ್ಪ ರಸ್ತೆಗೆ ಹೋಗು.

ಅವನು ಹೋದ. ಮೊದಲ ದಿನ ಮೇಸ್ತ್ರಿ ಪೊರಕೆ ಕೊಟ್ಟರಂತೆ, ಎರಡನೇ ದಿನ ವೈಂಡಿಂಗಿನ ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್. ಹೋದ ವಾರ ನಾನು ಆ ಕಡೆ ಹೋದಾಗ ಇಬ್ಬರೂ ಒಂದು ಕಂಟ್ರೋಲರಿನ ಮುಂದೆ ಬಗ್ಗಿದ್ದರು. ಹುಡುಗ ಮೊಬೈಲಿನಲ್ಲಿ ಮ್ಯಾನ್ಯುಯಲ್ ತೆಗೆದು ಒಂದೊಂದೇ ಪದ ಕೂಡಿಸಿ ಓದುತ್ತಿದ್ದ, ಮೇಸ್ತ್ರಿ ಐದನೇ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು.